ಒಂದೇ ಕಣಿವೆ, ಎರಡು ದಿನ: ಅಪ್ಪ-ಅಮ್ಮನ ಜೊತೆ ಪೀಕ್ ಡಿಸ್ಟ್ರಿಕ್ಟ್

ಪ್ರಶ್ನೆ: ನಾನು, ನನ್ನ ಹೆಂಡತಿ ಎರಡು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಈಗ ಅಪ್ಪ-ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಸೆಪ್ಟೆಂಬರ್ ಕೊನೆಯ ಶನಿವಾರ-ಭಾನುವಾರ ಅವರಿಗೆ ಇಲ್ಲಿನ ಹಳ್ಳಿಗಾಡು ತೋರಿಸುವ ಆಸೆ. ಅಪ್ಪನಿಗೆ 64, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರು. ಅಮ್ಮನಿಗೆ ಮಂಡಿನೋವು. ನಮ್ಮ ಹತ್ತಿರ ಕಾರಿಲ್ಲ, ಎಲ್ಲರೂ ಸಸ್ಯಾಹಾರಿಗಳು. ಶನಿವಾರ ಲೇಕ್ ಡಿಸ್ಟ್ರಿಕ್ಟ್, ಭಾನುವಾರ ಪೀಕ್ ಡಿಸ್ಟ್ರಿಕ್ಟ್‌ಗೆ ಹೋಗಿ ಕಿಂಡರ್ ಸ್ಕೌಟ್ ಹತ್ತೋಣ ಎಂದುಕೊಂಡಿದ್ದೇನೆ. ಆಗುತ್ತದೆಯೇ? ಏನೇನು ತಯಾರಿ ಬೇಕು?

ಉತ್ತರ: ಆಗುತ್ತದೆ. ಆದರೆ ಎರಡು ದಿನದಲ್ಲಿ ಅಪ್ಪ-ಅಮ್ಮ ನೋಡುವುದು ಹೆಚ್ಚಾಗಿ ರೈಲಿನ ಕಿಟಕಿ ಮತ್ತು ಬಸ್ ಸ್ಟಾಪ್. ನಮ್ಮವರಿಗೆಲ್ಲ ಈ ಚಟ ಇದೆ. ಊರಿಂದ ಯಾರಾದರೂ ಬಂದರೆ ಇಡೀ ಬ್ರಿಟನ್ ಅನ್ನು ಒಂದೇ ಚೀಲಕ್ಕೆ ತುಂಬಿ ಕೊಡಬೇಕು ಅನ್ನಿಸುತ್ತದೆ. ಲೇಕ್ ಡಿಸ್ಟ್ರಿಕ್ಟ್ ಇನ್ನೊಂದು ಸಲಕ್ಕಿರಲಿ. ಕಿಂಡರ್ ಕೂಡ ಈ ಸಲ ಬೇಡ, ಕಾರಣ ಮುಂದೆ ಹೇಳುತ್ತೇನೆ. ಒಂದೇ ಕಣಿವೆಯನ್ನು ಹಿಡಿಯಿರಿ: ಹೋಪ್ ವ್ಯಾಲಿ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ಹಳೇ ರೈಲು ದಾರಿ ಈ ಕಣಿವೆಯೊಳಗೇ ಹಾಯುತ್ತದೆ. ಈಡೇಲ್, ಹೋಪ್, ಬ್ಯಾಮ್‌ಫರ್ಡ್, ಹ್ಯಾದರ್‌ಸೇಜ್, ಗ್ರಿಂಡಲ್‌ಫರ್ಡ್ ಎಂದು ಸಾಲಾಗಿ ಪುಟ್ಟ ಸ್ಟೇಷನ್‌ಗಳಿವೆ. ಇಳಿದ ಕೂಡಲೇ ನಡಿಗೆ ಶುರು. ಕಾರಿಲ್ಲದವರಿಗೆ ಇಷ್ಟು ಅನುಕೂಲದ ಬೆಟ್ಟಸೀಮೆ ಇಂಗ್ಲೆಂಡಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಾನು ಹದಿನಾಲ್ಕು ವರ್ಷದಿಂದ ಶೆಫೀಲ್ಡ್ ಕಡೆಯಿಂದ ಇದೇ ರೈಲು ಹತ್ತುತ್ತಿದ್ದೇನೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು.

ಮೊದಲು ಒಂದು ಪದದ ಗೊಂದಲ ಬಿಡಿಸಿಬಿಡೋಣ. ನಮಗೆ ಫುಟ್‌ಪಾತ್ ಅಂದರೆ ರಸ್ತೆ ಪಕ್ಕದ ಕಲ್ಲುಹಾಸು, ಅದರ ಮೇಲೊಂದು ಹೂವಿನ ಗಾಡಿ. ಇಲ್ಲಿ 'ಪಬ್ಲಿಕ್ ಫುಟ್‌ಪಾತ್' ಎಂಬ ಬೋರ್ಡು ಕಂಡರೆ ಅದು ಬೇರೆಯವರ ಹೊಲದ ನಡುವೆ ನಡೆಯುವ ಹಕ್ಕು. ಜಮೀನು ರೈತನದೇ, ದನ-ಕುರಿ ಅವನದೇ, ಆದರೆ ಆ ಒಂದು ಗೆರೆಯ ಮೇಲೆ ನಡೆಯುವ ಹಕ್ಕು ಎಲ್ಲರದೂ. ಹಳದಿ ಬಾಣದ ಗುರುತು ಇದ್ದರೆ ನಡೆಯುವವರ ದಾರಿ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲುಗಳೂ ಬರಬಹುದು. ನಿಮ್ಮ ಅಪ್ಪ ಮೊದಲ ಗೇಟಿನ ಹತ್ತಿರವೇ ನಿಂತು "ಯಾರದೋ ಜಮೀನು, ಕೇಳದೆ ಹೋಗಬಹುದೇನಪ್ಪಾ?" ಅಂತಾರೆ. ನಮ್ಮಪ್ಪನೂ ಕೇಳಿದ್ದರು. ಧೈರ್ಯವಾಗಿ ಹೋಗಬಹುದು ಎನ್ನಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿಟ್ಟಿದ್ದರೆ ಹಾಗೇ ಬಿಡಿ. ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳ ಮೇಲೆ ಮಾತ್ರ ಹತ್ತಬೇಡಿ.

ಈ ಹಕ್ಕಿನ ಹಿಂದೆ ಜಗಳವೂ ಇದೆ. ಕಿಂಡರ್ ಬಯಲಿನಲ್ಲಿ ಹಿಂದೆ ಸಿರಿವಂತರು ಗ್ರೌಸ್ ಹಕ್ಕಿಯ ಬೇಟೆಯಾಡುತ್ತಿದ್ದರು. ಉಳಿದವರಿಗೆ ಪ್ರವೇಶವಿರಲಿಲ್ಲ. 1932ರ ಏಪ್ರಿಲ್ 24ರಂದು ಹೇಫೀಲ್ಡ್ ಕಡೆಯಿಂದ ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್‌ನ ದುಡಿಯುವ ಹುಡುಗರು, ಬೇಕೆಂದೇ ಬೇಲಿ ದಾಟಿ ಬೆಟ್ಟ ಹತ್ತಿದರು. ಮುಂದೆ ನಿಂತವನು ಬೆನ್ನಿ ರಾತ್‌ಮನ್, ಆಗ ಅವನಿಗೆ ಇಪ್ಪತ್ತು ವರ್ಷ. ಕಾವಲುಗಾರರ ಜೊತೆ ತಳ್ಳಾಟವಾಯಿತು. ಐದು ಜನರಿಗೆ 2ರಿಂದ 6 ತಿಂಗಳ ಜೈಲಾಯಿತು. ಆ ಶಿಕ್ಷೆಯೇ ಜನರನ್ನು ಕೆರಳಿಸಿತು. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಗಿ ಪೀಕ್ ಡಿಸ್ಟ್ರಿಕ್ಟ್ ಘೋಷಣೆಯಾಯಿತು. ಇಂಥ ಪಾಳು ಬೆಟ್ಟಬಯಲುಗಳಲ್ಲಿ ದಾರಿ ಬಿಟ್ಟೂ ಓಡಾಡಬಹುದು ಎಂಬ ಕಾನೂನು ಬರಲು 2000ನೇ ಇಸವಿ ಆಗಬೇಕಾಯಿತು. ನೀವು ರೈಲು ಹತ್ತುವ ಊರಿನ ಹುಡುಗರ ಕಥೆ ಇದು, ದಾರಿಯಲ್ಲಿ ಅಪ್ಪನಿಗೆ ಹೇಳಿ.

ಈಗ ಕಿಂಡರ್ ಯಾಕೆ ಬೇಡ? ಎತ್ತರ ನೋಡಿದರೆ ನಗು ಬರುತ್ತದೆ, 636 ಮೀಟರ್. ಮೈಸೂರು ಊರೇ ಸಮುದ್ರಮಟ್ಟದಿಂದ 700 ಮೀಟರಿಗಿಂತ ಮೇಲಿದೆ. ಅಂದರೆ ನಿಮ್ಮ ಮನೆಯ ಅಂಗಳಕ್ಕಿಂತ ತಗ್ಗಿನ ಶಿಖರ! ಇಲ್ಲೇ ಎಲ್ಲರೂ ಮೋಸ ಹೋಗುವುದು. ಕಿಂಡರ್ ಚೂಪು ಶಿಖರವಲ್ಲ, ಮೇಲೆ ಅಗಲವಾದ ಬಯಲು. ಅದರ ತುಂಬ ಪೀಟ್ ಎಂಬ ಕಪ್ಪು ಜೌಗು ಮಣ್ಣು, ಆಳೆತ್ತರದ ಕೊರಕಲುಗಳು. ಮೋಡ ಇಳಿದರೆ ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ. ನಾನು ಇಲ್ಲಿಗೆ ಬಂದ ಮೊದಲ ವರ್ಷ, ನವೆಂಬರ್‌ನಲ್ಲಿ, ಕುಮಾರಪರ್ವತ ಹತ್ತಿದವನಿಗೆ ಇದ್ಯಾವ ಲೆಕ್ಕ ಅಂತ ಜೀನ್ಸ್ ಹಾಕಿಕೊಂಡು ಹೋದೆ. ಮೂರು ಗಂಟೆಗೆ ಮಂಜು ಕವಿಯಿತು. ಚಳಿಗೆ ಫೋನಿನ ಬ್ಯಾಟರಿ ಸತ್ತಿತು, ಅದರ ಜೊತೆ ನಕ್ಷೆಯೂ. ಒಂದೇ ಕೊರಕಲನ್ನು ಮೂರು ಸಲ ದಾಟಿದ್ದೆ ಅಂತ ಆಮೇಲೆ ಗೊತ್ತಾಯಿತು. ನಿವೃತ್ತ ದಂಪತಿಯೊಬ್ಬರು ಕಾಗದದ ನಕ್ಷೆ, ದಿಕ್ಸೂಚಿ ಹಿಡಿದು ಬರುತ್ತಿದ್ದರು, ಅವರ ಬೆನ್ನು ಹಿಡಿದು ಕೆಳಗಿಳಿದೆ. ಒದ್ದೆ ಜೀನ್ಸ್ ಕಾಲಿಗೆ ಅಂಟಿಕೊಂಡು ಎಳೆಯುವ ಶಾಖ ಎಷ್ಟು ಅಂತ ಅವತ್ತು ತಿಳಿಯಿತು.

ಹಾಗಾಗಿ ಶನಿವಾರಕ್ಕೆ ಮ್ಯಾಮ್ ಟಾರ್. ಎತ್ತರ 517 ಮೀಟರ್, ಹೆಸರಿನ ಅರ್ಥ ತಾಯಿ ಬೆಟ್ಟ. ನಾಲ್ಕೂ ಜನ ಒಂದೇ ರೈಲು ಹತ್ತಿ. ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಈಡೇಲ್‌ಗೆ ಸುಮಾರು ಮುಕ್ಕಾಲು ಗಂಟೆ. ಅಲ್ಲಿ ನೀವು ಮತ್ತು ಅಪ್ಪ ಇಳಿಯಿರಿ. ನಿಮ್ಮ ಮನೆಯವರು ಮತ್ತು ಅಮ್ಮ ಮುಂದಿನ ಸ್ಟೇಷನ್ ಹೋಪ್‌ನಲ್ಲಿ ಇಳಿದು ಬಸ್ಸಿನಲ್ಲೋ ಮೊದಲೇ ಹೇಳಿಟ್ಟ ಟ್ಯಾಕ್ಸಿಯಲ್ಲೋ ಕಾಸಲ್ಟನ್‌ಗೆ ಹೋಗಲಿ, ಮೂರು ಕಿಲೋಮೀಟರಿನ ಆಸುಪಾಸು. ನೀವಿಬ್ಬರು ಬೆಟ್ಟ ದಾಟಿ ಅದೇ ಊರಿಗೆ ಇಳಿಯುತ್ತೀರಿ. ಬೆಟ್ಟದ ಈಚೆ ಈಡೇಲ್, ಆಚೆ ಕಾಸಲ್ಟನ್. ಯಾರೂ ಯಾರಿಗೋಸ್ಕರ ಕಾಲೆಳೆದುಕೊಂಡು ನಡೆಯಬೇಕಿಲ್ಲ, ಮಧ್ಯಾಹ್ನ ಎಲ್ಲರೂ ಒಟ್ಟಿಗೇ ಟೀ ಕುಡಿಯಬಹುದು.

ದಾರಿ ಹೀಗಿದೆ. ಈಡೇಲ್ ಸ್ಟೇಷನ್ನಿನಿಂದ ಹೊಲಗಳ ನಡುವೆ ದಕ್ಷಿಣಕ್ಕೆ ನಡೆದು ಹಾಲಿನ್ಸ್ ಕ್ರಾಸ್ ಎಂಬ, ಬೆಟ್ಟದ ಸಾಲಿನ ತಗ್ಗು ಜಾಗಕ್ಕೆ ಹತ್ತಬೇಕು. ಈ ಏರು ಒಂದೇ ಸ್ವಲ್ಪ ಉಬ್ಬಸ ಬರಿಸುವುದು. ಈಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಹೆಣವನ್ನು ಹೊತ್ತುಕೊಂಡು ಇದೇ ದಾರಿಯಲ್ಲಿ ಬೆಟ್ಟ ದಾಟಿ ಹೋಪ್‌ಗೆ ಒಯ್ಯುತ್ತಿದ್ದರಂತೆ. ಹಾಲಿನ್ಸ್ ಕ್ರಾಸ್ ತಲುಪಿದ ಮೇಲೆ ಬಲಕ್ಕೆ ತಿರುಗಿ. ಅಲ್ಲಿಂದ ಬೆಟ್ಟದ ನೆತ್ತಿಯ ಮೇಲೆಯೇ ಕಲ್ಲು ಹಾಸಿದ ದಾರಿ. ಎಡಕ್ಕೊಂದು ಕಣಿವೆ, ಬಲಕ್ಕೊಂದು ಕಣಿವೆ. ಬಲಗಡೆ ದೂರಕ್ಕೆ ಕಪ್ಪಗೆ ಮಲಗಿರುವುದೇ ಕಿಂಡರ್, ನೋಡಿ ಕೈಮುಗಿದು ಮುಂದೆ ನಡೆಯಿರಿ. ಎಡಗಡೆ ಒಂದು ಸಿಮೆಂಟ್ ಕಾರ್ಖಾನೆಯ ಚಿಮಣಿಯೂ ಕಾಣುತ್ತದೆ. ಫೋಟೋ ಹಾಕುವವರು ಜಾಣತನದಿಂದ ಅದನ್ನು ಬಿಟ್ಟಿರುತ್ತಾರೆ, ಅದಕ್ಕೇ ಮೊದಲೇ ಹೇಳಿದೆ.

ಶಿಖರದ ಸುತ್ತ ದಿಬ್ಬದ ಥರ ಕಾಣುವುದು ಸಾವಿರಾರು ವರ್ಷ ಹಿಂದಿನ ಕೋಟೆಯ ಮಣ್ಣಿನ ಗೋಡೆ. ಅಲ್ಲಿಂದ ಮೆಟ್ಟಿಲಿಳಿದು, ಬ್ಲೂ ಜಾನ್ ಗುಹೆಯ ಪಕ್ಕದಿಂದ ಹಾದರೆ ಈ ನಡಿಗೆಯಲ್ಲೇ ನನಗೆ ಅತಿ ಇಷ್ಟದ ಜಾಗ ಬರುತ್ತದೆ: ಮುರಿದ ರಸ್ತೆ. ಮ್ಯಾಮ್ ಟಾರ್‌ಗೆ 'ನಡುಗುವ ಬೆಟ್ಟ' ಎಂಬ ಅಡ್ಡಹೆಸರಿದೆ. ಮರಳುಗಲ್ಲಿನ ಪದರದ ಅಡಿಯಲ್ಲಿ ಮೆತ್ತಗಿನ ಜೇಡಿಗಲ್ಲು. ಮಳೆ ನೀರು ಇಳಿದಾಗಲೆಲ್ಲ ಬೆಟ್ಟದ ಒಂದು ಮಗ್ಗುಲು ಇಷ್ಟಿಷ್ಟೇ ಜಾರುತ್ತದೆ. ಪಕ್ಕದ ವಿನ್ನಟ್ಸ್ ಪಾಸ್ ಎಂಬ ಇಕ್ಕಟ್ಟು ಕಣಿವೆ ಗಾಡಿಗಳಿಗೆ ತೀರಾ ಕಡಿದು ಅಂತ 19ನೇ ಶತಮಾನದಲ್ಲಿ ಈ ಜಾರುವ ಮಗ್ಗುಲಿನ ಮೇಲೆ ರಸ್ತೆ ಮಾಡಿದರು. ಬೆಟ್ಟ ಜಾರುತ್ತಲೇ ಇತ್ತು, ಇವರು ಡಾಂಬರು ಹಾಕುತ್ತಲೇ ಇದ್ದರು. 1979ರಲ್ಲಿ ಸೋತು ರಸ್ತೆ ಮುಚ್ಚಿದರು. ಈಗ ಕಾರುಗಳು ಮತ್ತೆ ಅದೇ ವಿನ್ನಟ್ಸ್ ಪಾಸ್‌ನಲ್ಲಿ ಏದುಸಿರು ಬಿಡುತ್ತವೆ. ಮುರಿದ ರಸ್ತೆಯಲ್ಲಿ ಬಿಳಿ ಪಟ್ಟೆಗಳು ಇನ್ನೂ ಕಾಣುತ್ತವೆ. ಡಾಂಬರಿನ ಪದರ ಪದರ ಬಾಯ್ಬಿಟ್ಟಿರುವುದನ್ನು ನೋಡಿದರೆ, ಒಂದರ ಮೇಲೊಂದು ಎಷ್ಟು ಸಲ ಹಾಕಿದ್ದರು ಅಂತ ಎಣಿಸಬಹುದು. ಮಡಿಕೇರಿ, ಶಿರಾಡಿ ಕಡೆ ಮಳೆಗಾಲದ ಕುಸಿತ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಒಟ್ಟು ಏಳೆಂಟು ಕಿಲೋಮೀಟರ್ ನಡಿಗೆ, ಸುಮಾರು 300 ಮೀಟರ್ ಏರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಷ್ಟೇ, ಹೆಚ್ಚೂಕಡಿಮೆ. ಅಪ್ಪ ಇತ್ತೀಚೆಗೆ ಆ ಮೆಟ್ಟಿಲು ಹತ್ತಿದ್ದಾರಾ ಕೇಳಿ. ಕೆರೆ ಏರಿ ಸಮತಟ್ಟು, ಅದು ಬೇರೆ. ಸಮಯದ ಲೆಕ್ಕಕ್ಕೆ ನೇಸ್‌ಮಿತ್ ಎಂಬ ಸ್ಕಾಟ್ಲೆಂಡಿನವರು 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ನಡೆಯುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಎರಡು ಗಂಟೆ ಸಾಕು. ಆದರೆ ಅದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆದಾಗ. ನೀವು ದುಪ್ಪಟ್ಟು ಇಟ್ಟುಕೊಳ್ಳಿ, ನಾಲ್ಕು ಗಂಟೆ. ಬೆಳಿಗ್ಗೆ ಹತ್ತಕ್ಕೆ ಈಡೇಲ್ ಬಿಟ್ಟರೆ ಎರಡಕ್ಕೆ ಕಾಸಲ್ಟನ್. ಆ ದಿನಗಳಲ್ಲಿ ಕತ್ತಲಾಗುವುದು ಸಂಜೆ ಏಳರ ಸುಮಾರಿಗೆ, ಹಾಗಾಗಿ ಆತುರವಿಲ್ಲ. ಆದರೂ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ. ಹನ್ನೊಂದೂವರೆಯಾದರೂ ಹಾಲಿನ್ಸ್ ಕ್ರಾಸ್ ಮುಟ್ಟದಿದ್ದರೆ ಅಥವಾ ನೆತ್ತಿಯ ಮೇಲೆ ನಿಲ್ಲಲಾಗದಷ್ಟು ಗಾಳಿಯಿದ್ದರೆ ಶಿಖರ ಬಿಟ್ಟುಬಿಡಿ. ಅಲ್ಲಿಂದಲೇ ನೇರ ಕಾಸಲ್ಟನ್‌ಗೆ ಇಳಿಯುವ ದಾರಿಯಿದೆ. ನಾನು ಈ ಬೆಟ್ಟವನ್ನು ಮೊದಲು ಆರಿಸಿಕೊಡುವುದೇ ಈ ಕಾರಣಕ್ಕೆ. ಅರ್ಧಕ್ಕೆ ಬಿಟ್ಟರೂ ಸೇರಬೇಕಾದ ಊರನ್ನೇ ಸೇರುತ್ತೀರಿ.

ಇತ್ತ ಅಮ್ಮನ ಬೆಳಗು. ಕಾಸಲ್ಟನ್ ಕಲ್ಲಿನ ಮನೆಗಳ ಪುಟ್ಟ ಊರು, ಮಧ್ಯೆ ಒಂದು ತೊರೆ. ಊರಿನ ಹಿಂದೆಯೇ ಪೀಕ್ ಕೇವರ್ನ್ ಎಂಬ ಗುಹೆಯ ಭಾರೀ ಬಾಯಿ. ಅದರೊಳಗೆ ಶತಮಾನಗಳ ಕಾಲ ಹಗ್ಗ ಹೊಸೆಯುವವರು ಕೆಲಸ ಮಾಡುತ್ತಿದ್ದರು, ಅಲ್ಲೇ ವಾಸವೂ ಇದ್ದರು. ಗುಹೆಯ ಹಳೇ ಹೆಸರನ್ನು ಕನ್ನಡಕ್ಕೆ ತಂದರೆ 'ದೆವ್ವದ ಅಂಡು' ಅಂತಾಗುತ್ತದೆ. ವಿಕ್ಟೋರಿಯಾ ರಾಣಿಗೆ ಮುಜುಗರವಾಗಬಾರದು ಅಂತ ಬದಲಿಸಿದರು ಎಂಬ ಕಥೆಯಿದೆ. ಒಳಗೆ ಒಂದು ಕಡೆ ಸೊಂಟ ಬಗ್ಗಿಸಿ ನಡೆಯಬೇಕು, ಆ ಜಾಗಕ್ಕೆ ಸೊಂಟನೋವಿನ ಹೆಸರನ್ನೇ ಇಟ್ಟಿದ್ದಾರೆ! ಅಮ್ಮನಿಗೆ ಅದು ಬೇಡವೆನಿಸಿದರೆ ಬಾಯಿಯವರೆಗೆ ನೋಡಿ ಬಂದರೂ ಸಾಕು. ದೋಣಿಯಲ್ಲಿ ಕರೆದೊಯ್ಯುವ ಸ್ಪೀಡ್‌ವೆಲ್ ಗುಹೆ ಕೇಳಲು ಚೆಂದ, ಆದರೆ ನೂರಕ್ಕೂ ಜಾಸ್ತಿ ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಮಂಡಿನೋವಿಗೆ ಬೇಡ. ಬೆಟ್ಟದ ಮೇಲಿನ ಪೆವರಿಲ್ ಕೋಟೆಗೂ ಕಡಿದಾದ ಏರು, ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಅಂಗಡಿಗಳಲ್ಲಿ ಬ್ಲೂ ಜಾನ್ ಎಂಬ ನೇರಳೆ-ಹಳದಿ ಪಟ್ಟೆಯ ಕಲ್ಲಿನ ಒಡವೆ ಇರುತ್ತವೆ. ಈ ಊರಿನ ಬೆಟ್ಟದಿಂದಲೇ ತೆಗೆಯುವ ಕಲ್ಲು. ಚಿಕ್ಕ ಪದಕಕ್ಕೂ ಬೆಲೆ ಜಾಸ್ತಿಯೇ, ಆದರೆ ಊರಿಗೆ ಒಯ್ಯಲು ಅಯಸ್ಕಾಂತದ ಬೊಂಬೆಗಿಂತ ವಾಸಿ. ಅಂದಹಾಗೆ, ಅಂಗಡಿಯಾಕೆ ಅಮ್ಮನನ್ನು 'ಡಕ್' ಅಂದರೆ ಗಾಬರಿ ಬೇಡ. ಡಾರ್ಬಿಶರ್ ಎಂಬ ಈ ಜಿಲ್ಲೆಯ ಕಡೆ ಅದು ನಮ್ಮ 'ಪುಟ್ಟಾ' ಇದ್ದ ಹಾಗೆ, ವಯಸ್ಸಿನ ಭೇದವಿಲ್ಲ.

ಊಟದ ವಿಷಯ. ಹಳ್ಳಿಯ ಪಬ್ ಅಂದರೆ ಬರೀ ಕುಡಿಯುವ ಜಾಗವಲ್ಲ, ಮಕ್ಕಳು-ಮರಿ, ನಾಯಿ ಎಲ್ಲ ಬರುತ್ತವೆ. ಅಮ್ಮ ಸಂಕೋಚ ಪಡಬೇಕಿಲ್ಲ. ಬಹಳ ಕಡೆ ಕೌಂಟರಿಗೆ ಹೋಗಿ ಆರ್ಡರ್ ಕೊಟ್ಟು ದುಡ್ಡು ಕಟ್ಟಬೇಕು. ಮಧ್ಯಾಹ್ನ ಎರಡೂವರೆ ಸುಮಾರಿಗೆ ಅಡುಗೆಮನೆ ಮುಚ್ಚಿ ಸಂಜೆ ತೆರೆಯುವ ಪಬ್ಬುಗಳೂ ಇವೆ, ಹಾಗಾಗಿ ಮೊದಲೇ ಫೋನ್ ಮಾಡಿ ಕೇಳಿ. ಸಸ್ಯಾಹಾರ ಈಗ ಎಲ್ಲ ಕಡೆ ಸಿಗುತ್ತದೆ. ಆದರೆ ಕಟ್ಟಾ ಸಸ್ಯಾಹಾರಿಗಳಾದರೆ ಎರಡು ಪ್ರಶ್ನೆ ಕೇಳಲೇಬೇಕು: ಚಿಪ್ಸ್ ಕರಿಯುವ ಎಣ್ಣೆಯಲ್ಲೇ ಮೀನೂ ಕರಿಯುತ್ತೀರಾ? ಗ್ರೇವಿಯಲ್ಲಿ ಮಾಂಸದ ರಸ ಇದೆಯಾ? ನಾಚಿಕೆ ಬೇಡ, ಅವರು ಬೇಜಾರಿಲ್ಲದೆ ಹೇಳುತ್ತಾರೆ. ಬೆಟ್ಟಕ್ಕೆ ಮಾತ್ರ ಮನೆಯಿಂದಲೇ ಚಪಾತಿ ಸುರುಳಿ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ಮ್ಯಾಮ್ ಟಾರ್ ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು ತಿನ್ನುವ ಪುಳಿಯೋಗರೆಗೆ ಸಮ ಇಲ್ಲ. ಪ್ಲಾಸ್ಟಿಕ್ಕಿರಲಿ, ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತನ್ನಿ. ಈ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ.

ಬಟ್ಟೆಗೆ ಒಂದೇ ಮಾತು: ಹತ್ತಿ ಬೇಡ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ನೀರು ಒಳಬಿಡದ ಜಾಕೆಟ್. ಮಳೆ ಬಂದರೆ ಮೇಲಿನದು ಹಾಕಿ, ಸೆಕೆಯಾದರೆ ಮಧ್ಯದ್ದು ತೆಗೆಯಿರಿ. ಬೆಟ್ಟದ ನೆತ್ತಿಯಲ್ಲಿ ಕೊಡೆ ಸುಮ್ನೆ ಭಾರ, ಗಾಳಿ ಅದನ್ನು ತಿರುಗಿಸಿ ಹಾಕುತ್ತದೆ. ಅಪ್ಪ ಮಂಕಿ ಕ್ಯಾಪ್ ತಂದಿರುತ್ತಾರೆ ಅಲ್ವಾ? ಹಾಕಿಕೊಳ್ಳಲಿ, ನೀವು ನಾಚಿಕೊಳ್ಳಬೇಡಿ. ಈಡೇಲ್ ಹೊಲಗಳಲ್ಲಿ ಕೆಸರಿರುತ್ತದೆ, ಹಾಗಾಗಿ ಅಡಿಯಲ್ಲಿ ಹಿಡಿತವಿರುವ ಶೂ ಬೇಕು. ಹೊಸ ಬೂಟ್ ಕೊಂಡರೆ ಒಂದು ವಾರ ಮನೆಯ ಸುತ್ತ ಹಾಕಿ ಓಡಾಡಲಿ, ಇಲ್ಲದಿದ್ದರೆ ಹಿಮ್ಮಡಿ ಬೊಬ್ಬೆ ಖಂಡಿತ.

ಈಡೇಲ್ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಜೊತೆಗೆ ಇಲ್ಲಿನ ಸರಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆ, ಒಎಲ್1 ನಂಬರಿನದು, ಒಂದು ಕೊಳ್ಳಿ. 1:25,000 ಅಳತೆಯಲ್ಲಿ ಪ್ರತಿ ಗೋಡೆಯನ್ನೂ ತೋರಿಸುತ್ತದೆ. ಹಸಿರು ಗೀಟುಗಳೇ ನಡೆಯುವ ಹಕ್ಕಿನ ದಾರಿಗಳು. ಅವಘಡವಾದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು. ಬರುವವರು ಸ್ವಯಂಸೇವಕರು, ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ಸೀಟಿ ಜೇಬಿನಲ್ಲಿರಲಿ. ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಸಹಾಯದ ಕರೆ.

ದನಗಳ ಬಗ್ಗೆ ಎಚ್ಚರ. ನಾವು ಹಸು ಕಂಡರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಅಪ್ಪನಿಗೆ ವಿಶೇಷವಾಗಿ ಹೇಳಿ, ಇಲ್ಲಿ ಬೇಡ. ಇವು ಮನೆಯ ಹಟ್ಟಿಯಲ್ಲಿ ಬೆಳೆದವಲ್ಲ. ಕರು ಜೊತೆಗಿದ್ದರೆ ತಾಯಿ ಮೇಲೇರಿ ಬರುತ್ತದೆ, ಜನ ಸತ್ತಿದ್ದೂ ಇದೆ. ದೂರದಿಂದ ಸುತ್ತು ಹಾಕಿ, ತಾಯಿ-ಕರುವಿನ ನಡುವೆ ಎಂದೂ ಹೋಗಬೇಡಿ. ನಡಿಗೆ ಮುಗಿದ ಮೇಲೆ ಕಾಲಿನಲ್ಲಿ ಉಣ್ಣೆ ಹುಳ (ಟಿಕ್) ಕಚ್ಚಿದೆಯಾ ನೋಡಿಕೊಳ್ಳಿ, ಅದರಿಂದ ಲೈಮ್ ಎಂಬ ಕಾಯಿಲೆ ಬರಬಹುದು.

ಶನಿವಾರ ರಾತ್ರಿ ಮ್ಯಾಂಚೆಸ್ಟರ್‌ಗೆ ವಾಪಸಾಗಲೂಬಹುದು, ಹತ್ತಿರವೇ. ಆದರೂ ಉಳಿಯಿರಿ ಅಂತಲೇ ನನ್ನ ಸಲಹೆ. ಸಂಜೆ ಕಾರುಗಳೆಲ್ಲ ಹೋದ ಮೇಲೆಯೇ ಕಾಸಲ್ಟನ್ ಹಳ್ಳಿಯಾಗುವುದು. ಬಿ ಅಂಡ್ ಬಿಗಳು, ಅಂದರೆ ಬೆಳಗಿನ ತಿಂಡಿಯೂ ಸೇರಿ ಕೋಣೆ ಬಾಡಿಗೆಗೆ ಕೊಡುವ ಮನೆಗಳು, ವಾರಾಂತ್ಯದಲ್ಲಿ ಎರಡು ರಾತ್ರಿ ಕೇಳುವುದುಂಟು. ಈಡೇಲ್ ಮತ್ತು ಕಾಸಲ್ಟನ್ ಎರಡೂ ಕಡೆ ವೈಎಚ್‌ಎ (ಯೂತ್ ಹಾಸ್ಟೆಲ್ ಸಂಸ್ಥೆ) ಹಾಸ್ಟೆಲ್‌ಗಳಿವೆ, ಹೆಸರು ನೋಡಿ ಯುವಕರಿಗೆ ಮಾತ್ರ ಅಂದುಕೊಳ್ಳಬೇಡಿ. ಕುಟುಂಬದ ಕೋಣೆ ಇದೆಯಾ, ನಾವೇ ಅಡುಗೆ ಮಾಡಿಕೊಳ್ಳಬಹುದಾ ಎಂದು ಬುಕ್ ಮಾಡುವಾಗ ಕೇಳಿ. ಅಡುಗೆಮನೆ ಸಿಕ್ಕರೆ ರಾತ್ರಿ ಬಿಸಿ ಅನ್ನ-ಸಾರು.

ಭಾನುವಾರ ನಾಲ್ಕೂ ಜನ ಒಟ್ಟಿಗೆ. ಶೆಫೀಲ್ಡ್ ಕಡೆಗೆ ಹೋಗುವ ಬಸ್ ಹಿಡಿದು ಹ್ಯಾದರ್‌ಸೇಜ್‌ನಲ್ಲಿ ಇಳಿಯಿರಿ. ಚರ್ಚಿನ ಅಂಗಳದಲ್ಲಿ ರಾಬಿನ್ ಹುಡ್‌ನ ಬಂಟ ಲಿಟಲ್ ಜಾನ್‌ನದು ಎಂದು ಹೇಳುವ ಉದ್ದನೆಯ ಸಮಾಧಿ ಇದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆಮೇಲೆ ಲೆಡ್‌ಮಿಲ್ ಸೇತುವೆ ತನಕ ನಡೆದು, ಅಲ್ಲಿಂದ ಡರ್ವೆಂಟ್ ನದಿಯ ದಡದಲ್ಲೇ ಗ್ರಿಂಡಲ್‌ಫರ್ಡ್ ಕಡೆಗೆ ಸಾಗಿ. ಐದಾರು ಕಿಲೋಮೀಟರ್, ದೊಡ್ಡ ಏರಿಲ್ಲ. ಹುಲ್ಲುಗಾವಲು, ಓಕ್ ಮರ, ಅಲ್ಲಲ್ಲಿ ಬೇರು, ಕೆಸರು. ಅಮ್ಮನ ಕೈಯಲ್ಲಿ ಒಂದು ಊರುಗೋಲಿರಲಿ. ಅವರಿಗೆ ಅಷ್ಟೂ ಬೇಡವೆನಿಸಿದರೆ ಸೇತುವೆ ನೋಡಿ ವಾಪಸ್ ಬಂದು ಹ್ಯಾದರ್‌ಸೇಜ್‌ನಲ್ಲೇ ರೈಲು ಹತ್ತಬಹುದು.

ಈ ಸೀಮೆಯ ಬೆಟ್ಟದ ಬುಡಗಳಲ್ಲಿ ಕೆತ್ತಿ ಅಲ್ಲೇ ಬಿಟ್ಟ ದುಂಡನೆಯ ಬೀಸುವ ಕಲ್ಲುಗಳು ಬಿದ್ದಿವೆ, ಮನುಷ್ಯನ ಎದೆಯೆತ್ತರದವು. ಇಲ್ಲಿನ ಒರಟು ಕಲ್ಲಿನಲ್ಲಿ ಬೀಸಿದರೆ ಗೋಧಿ ಹಿಟ್ಟು ಬೂದುಬಣ್ಣಕ್ಕೆ ತಿರುಗುತ್ತಿತ್ತು. ಬಿಳಿ ಬ್ರೆಡ್ಡಿನ ಶೋಕಿ ಬಂದ ಮೇಲೆ ಫ್ರಾನ್ಸಿನ ಕಲ್ಲುಗಳಿಗೆ ಬೇಡಿಕೆ ಬಂತು, ಇವು ಉಳಿದುಹೋದವು. ಉದ್ಯಾನದ ಗಡಿಯಲ್ಲಿ ಗುರುತಾಗಿ ನಿಲ್ಲಿಸಿರುವುದೂ ಇದೇ ಕಲ್ಲನ್ನು. ಅಮ್ಮನಿಗೆ ತೋರಿಸಿ, ವಿವರಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಗ್ರಿಂಡಲ್‌ಫರ್ಡ್ ಸ್ಟೇಷನ್ ಪಕ್ಕದಲ್ಲೇ ಹಳೇ ಕಟ್ಟಡದಲ್ಲೊಂದು ಕೆಫೆ ಇದೆ, ದೊಡ್ಡ ಮಗ್ಗಿನಲ್ಲಿ ಟೀ ಕೊಡುತ್ತಾರೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಪ್ಪಗೆ ಕಾಣುವ ಬಾಯಿ ಟಾಟ್ಲಿ ಸುರಂಗದ್ದು, ಐದೂವರೆ ಕಿಲೋಮೀಟರಿಗೂ ಉದ್ದ. ರೈಲು ಅದರೊಳಗಿಂದ ಬರುವುದನ್ನು ನೋಡಲು ಅಪ್ಪ ಐದು ನಿಮಿಷ ಮೊದಲೇ ಹೋಗಿ ನಿಲ್ಲುತ್ತಾರೆ, ಬೇಕಾದರೆ ಪಂಥ. ನಿಮ್ಮ ರೈಲೂ ಆ ಕಡೆಯಿಂದಲೇ ಬರುತ್ತದೆ. ಭಾನುವಾರದ ವೇಳಾಪಟ್ಟಿ ಬೇರೆ, ರೈಲು ಕಡಿಮೆ. ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಟಿಕೆಟ್ ಕೊಳ್ಳುವಾಗ ಗ್ರೂಪ್‌ಸೇವ್ ರಿಯಾಯಿತಿ ಇದೆಯಾ ಎಂದೂ ಕೇಳಿ. ಮೂರು ಜನರಿಗಿಂತ ಕಡಿಮೆಯಿಲ್ಲದೆ ಒಟ್ಟಿಗೆ ಹೋಗುವವರಿಗೆ ಹಲವು ರೈಲುಗಳಲ್ಲಿ ಮೂರರಲ್ಲೊಂದು ಪಾಲು ಉಳಿಯುತ್ತದೆ.